ಉಗರಗೋಳದವರೆಗೆ ಓಡಿದವನು

ಗೌರೀಶ ತೀರಿಕೊಂಡು ವರ್ಷವಾಗುತ್ತ ಬಂತು. ಅವನ ಸೋದರತ್ತೆ ಗುರವ್ವ ಕಳೆದ ತಿಂಗಳು ಹೋದಳು. ಅವಳು ಇರುವ ತನಕ ಇದನ್ನು ಬರೆಯುವಂತಿರಲಿಲ್ಲ. ಅವಳಿಗೆ ಓದು ಬರುತ್ತಿರಲಿಲ್ಲ ನಿಜ. ಆದರೆ ಓದಿ ಹೇಳುವವರು ಎಲ್ಲ ಊರಲ್ಲೂ ಇರುತ್ತಾರೆ.

ಸವದತ್ತಿಯ ಪೇಟೆಯಲ್ಲಿ ಗೌರೀಶನದು ಭಾಂಡೆ ಅಂಗಡಿ, ತಂದೆಯ ಕಾಲದಿಂದ ಬಂದದ್ದು. ಹಿತ್ತಾಳೆ, ತಾಮ್ರ, ಸ್ಟೀಲಿನ ಪಾತ್ರೆಗಳು ಗೋಡೆಯ ತುಂಬ, ಮಾಳಿಗೆಯ ತನಕ. ಬೆಳಿಗ್ಗೆ ಗಾದಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರೆ ಮಧ್ಯಾಹ್ನದ ಊಟಕ್ಕೇ ಏಳುವುದು. ತೂಗುವುದು, ಇಳಿಸಿ ಕೊಡುವುದು ಎಲ್ಲ ಆಳುಗಳ ಕೆಲಸ. ಮದುವೆಯ ಕೊಡಗಳ ಮೇಲೆ ಹೆಸರು ಕೊರೆಯುವುದನ್ನು ಮಾತ್ರ ಅವನು ಯಾರಿಗೂ ಬಿಡುತ್ತಿರಲಿಲ್ಲ. ಕರೆಂಟಿನ ಸಣ್ಣ ಯಂತ್ರವನ್ನು ಪೆನ್ನಿನ ಹಾಗೆ ಹಿಡಿದು, ನಾಲಿಗೆಯನ್ನು ತುಟಿಯ ಮೂಲೆಗೆ ಒತ್ತಿಕೊಂಡು, ಅವನು ಬರೆದ ಅಕ್ಷರ ಮುತ್ತಿನಂತಿರುತ್ತಿತ್ತು. ನಮ್ಮ ದೇವರ ಮನೆಯ ತಂಬಿಗೆಯ ಮೇಲೆ ನನ್ನ ತಾಯಿ ಶಾಂತಾಬಾಯಿಯ ಹೆಸರಿದೆ. ಅದು ಅವನ ಕೈಯದು.

ನಾನು ಇಲ್ಲಿನ ಕಾಲೇಜಿನಲ್ಲಿ ಕನ್ನಡ ಕಲಿಸುತ್ತೇನೆ. ನನ್ನಪ್ಪ ಪುರಾಣ ಹೇಳುತ್ತಿದ್ದವರು, ಅವನಪ್ಪ ಪಾತ್ರೆ ಮಾರುತ್ತಿದ್ದವರು. ನಾವಿಬ್ಬರು ಒಂದೇ ಬೆಂಚಿನ ಮೇಲೆ ಬೆಳೆದೆವು. ಅವನಿಗೆ ನಾನು ಕೊನೆಯ ತನಕ ‘ವೆಂಕ್ಯಾ’.

ಅವನ ತಮ್ಮ ಗುರುನಾಥ ಬೈಲಹೊಂಗಲದ ಒಂದು ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ತಾಯಿ ಹೋದಾಗ ಗುರುನಾಥ ಇನ್ನೂ ತೊಟ್ಟಿಲಲ್ಲಿದ್ದ. ಮಕ್ಕಳಿಲ್ಲದ ಗುರವ್ವ ಅವನನ್ನು ತನ್ನೂರು ಉಗರಗೋಳಕ್ಕೆ ಎತ್ತಿಕೊಂಡು ಹೋಗಿ, ಸಾಲಿಗೆ ಹಾಕುವ ವಯಸ್ಸಿನವರೆಗೆ ಸಾಕಿದಳು. ಅವಳ ಪಾಲಿಗೆ ಗೌರೀಶ ಅಣ್ಣನ ಮಗ, ಗುರುನಾಥ ತನ್ನದೇ ಮಗ.

ಗುರುನಾಥನ ಲಿವರ್ ಕೆಟ್ಟಿತು. ಯಾವಾಗಲೋ ರಕ್ತಕ್ಕೆ ಸೇರಿದ ವೈರಸ್ಸು ವರ್ಷಗಟ್ಟಲೆ ಸದ್ದಿಲ್ಲದೆ ಅದನ್ನು ತಿಂದಿತ್ತು. ಒಂದು ಹನಿ ಕುಡಿದವನಲ್ಲ. ಆದರೂ ಪೇಟೆಯಲ್ಲಿ ‘ಮಾಸ್ತರ ಗುಟ್ಟಾಗಿ ತಗೋತಿದ್ದಿರಬೇಕು’ ಎಂದು ಜನ ಮಾತಾಡಿಕೊಂಡರು. ಅಣ್ಣತಮ್ಮಂದಿರು ಕಿತ್ತೂರಿನಲ್ಲಿ ಹೆದ್ದಾರಿಯ ಬಸ್ಸು ಹಿಡಿದು ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಹೋಗಿಬಂದರು. ಹೊಸ ಲಿವರ್ ಹಾಕಬೇಕು, ಮನೆಯವರೊಬ್ಬರು ತಮ್ಮದರಲ್ಲಿ ಒಂದು ಭಾಗ ಕೊಡಬೇಕು ಎಂದರು. ಗುರುನಾಥನ ಹೆಂಡತಿಯ ರಕ್ತದ ಗುಂಪು ಕೂಡಲಿಲ್ಲ. ಗೌರೀಶನದು ಕೂಡಿತು. ಆದರೆ ಸ್ಕ್ಯಾನಿನಲ್ಲಿ ನೋಡಿದರೆ ಅವನ ಲಿವರಿನ ತುಂಬ ಕೊಬ್ಬು.

“ಇದನ್ನ ಕತ್ತರಿಸಿದರೆ ಇಬ್ಬರಿಗೂ ಅಪಾಯ,” ಎಂದರಂತೆ ಡಾಕ್ಟರು. “ಕರಗಿಸಿಕೊಂಡು ಬನ್ನಿ. ಓಡಿ. ತಿನ್ನೋದು ಕಡಿಮೆ ಮಾಡಿ. ಎರಡು ತಿಂಗಳು ಬಿಟ್ಟು ನೋಡೋಣ.”

“ತಮ್ಮಗ ಎಷ್ಟ ದಿನಾ ಐತ್ರಿ?” ಎಂದು ಗೌರೀಶ ಕೇಳಿದ.

“ವರ್ಷ ಇದೆ ಅಂತ ನಾನು ಹೇಳಲಾರೆ.”

ಹೀಗೆ ಐವತ್ತರ ಹೊಸ್ತಿಲಲ್ಲಿ, ಬಸ್ಸು ಹಿಡಿಯಲೂ ಎಂದೂ ಓಡದಿದ್ದ ಮನುಷ್ಯ ಓಡಲು ಶುರು ಮಾಡಿದ. ಬಿಳಿ ಬೂಟು ತಂದ. ಅವನ ಹೆಂಡತಿ ಶೈಲಜಾ ಅವನ್ನು ನೋಡಿ, “ಮದವ್ಯಾಗೂ ನೀವು ಇಷ್ಟ ಹೊಳಿಯೂ ಬೂಟ ಹಾಕಿದ್ದಿಲ್ಲ,” ಎಂದು ನಕ್ಕಳು. ನಕ್ಕವಳು ಒಳಗೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ. ಗಂಡನ ಹೊಟ್ಟೆ ಕೊಯ್ಯಲು ಅವಳೂ ಒಪ್ಪಿ ಸಹಿ ಹಾಕಬೇಕಿತ್ತು. ಹಾಕಿದ್ದಳು.

ಮೊದಲ ದಿನ ನಸುಕಿನಲ್ಲಿ ಉಗರಗೋಳದ ರಸ್ತೆಗೆ ಹೋದೆವು. ಅವನು ಓಡುವುದು, ನಾನು ಸ್ಕೂಟರಿನ ಮೇಲೆ ನೀರಿನ ಬಾಟಲಿ ಇಟ್ಟುಕೊಂಡು ಹಿಂದೆ ಬರುವುದು. ಮೂರನೆಯ ಲೈಟಿನ ಕಂಬವನ್ನು ತಬ್ಬಿಕೊಂಡು ನಿಂತುಬಿಟ್ಟ. ಮುಖ ಇದ್ದಿಲಿನ ಹಾಗಾಗಿತ್ತು.

ಸಂಜೆ ಗುರುನಾಥನ ಫೋನು ಬಂತು. ನಾನು ಅಂಗಡಿಯಲ್ಲೇ ಇದ್ದೆ.

“ಅಣ್ಣಾ, ಎಷ್ಟ ಕಂಬ ಆತು?”

“ಮೂರ.”

“ಓಡಿದ್ದೋ, ಹಿಡಕೊಂಡ ನಿಂತಿದ್ದೋ?”

ಮಲಗಿದಲ್ಲಿಂದಲೇ ಅವನು ಲೆಕ್ಕ ಹಾಕಿಕೊಟ್ಟ. ಒಂದು ಕಂಬ ಓಡು, ಎರಡು ಕಂಬ ನಡಿ. ವಾರ ಬಿಟ್ಟು ಎರಡು ಓಡು, ಎರಡು ನಡಿ. ಅವಸರ ಮಾಡಬ್ಯಾಡ.

“ಅವಸರ ಮಾಡಬ್ಯಾಡ ಅಂತ ನೀ ಹೇಳತೀಯಲ್ಲೋ!” ಎಂದ ಗೌರೀಶ.

ಆ ಕಡೆಯಿಂದ ನಗು. “ಅದು ನಂದ ಲಿವರ ಅಣ್ಣಾ. ನಿನ್ನ ಹಂತೇಕ ಇಟ್ಟಿದ್ದೆ, ನೀ ಹೊಲಸ ಮಾಡಿ ಇಟ್ಟೀದಿ. ಭಾಂಡೆ ಅಂಗಡ್ಯಾಂವ ಅದೀಯಲ್ಲ, ಛಂದಾಗಿ ತಿಕ್ಕಿ ಕೊಡು.”

ನಮ್ಮ ಕಡೆ ಮನೆತನಸ್ಥ ಮನುಷ್ಯ ರಸ್ತೆಯ ಮೇಲೆ ಓಡಿದರೆ ಜನ ಸುಮ್ಮನೆ ನೋಡಿಕೊಂಡು ಹೋಗುವುದಿಲ್ಲ. ಬಸ್‌ಸ್ಟ್ಯಾಂಡಿನ ಹತ್ತಿರ ಚಹಾದ ಹೋಟೆಲು ಇಟ್ಟಿರುವ ಹನುಮಪ್ಪ ದಿನವೂ ಬೈಕು ನಿಲ್ಲಿಸುತ್ತಿದ್ದ.

“ಗೌರೀಶಣ್ಣಾರ, ಗಾಡಿ ಕೆಟ್ಟೈತೇನ್ರಿ? ಹತ್ರಿ, ಬಿಟ್ಟ ಬರ್ತೇನಿ.”

“ಇಲ್ಲೋ, ಓಡಾಕ ಬಂದೇನಿ.”

“ಎಲ್ಲಿಗೆ?”

“ಎಲ್ಲಿಗೂ ಇಲ್ಲ.”

“ಎಲ್ಲಿಗೂ ಇಲ್ಲಂದ್ರ ಇಷ್ಟ ಗಡಿಬಿಡಿ ಯಾಕ್ರಿ?” ಎಂದು ನನ್ನ ಕಡೆ ತಿರುಗಿ, “ಮಾಸ್ತರ, ನೀವರ ಹತ್ತಿಸಿಕೋಬಾರದೇನ್ರಿ? ದೋಸ್ತ ಸಾಯಾಕ ಹತ್ಯಾನ, ನೀವು ಆರಾಮ ಗಾಡಿ ಮ್ಯಾಲ!” ಎನ್ನುತ್ತಿದ್ದ.

ಯಲ್ಲಮ್ಮನ ಗುಡ್ಡಕ್ಕೆ ಹೋಗುವ ಭಕ್ತರಿಗೆ ಮಾತ್ರ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಒಂದು ದಿನ ಟೆಂಪೋದಿಂದ ಇಳಿದ ಮುದುಕಿಯೊಬ್ಬಳು ಅವನನ್ನು ಅಡ್ಡಗಟ್ಟಿ, ಹಣೆಯ ತುಂಬ ಭಂಡಾರ ಬಳಿದು, “ಯಾವ ಹರಕಿ ಹೊತ್ತೀಯೋ ಯಪ್ಪಾ, ತಾಯಿ ಮುಟ್ಟಿಸ್ಲಿ,” ಎಂದಳು. ಅವನು ಅದನ್ನು ಒರೆಸಿಕೊಳ್ಳಲಿಲ್ಲ. ಬೆವರಿಗೆ ಅರಿಷಿಣ ಇಳಿದು ಅಂಗಿಯೆಲ್ಲ ಹಳದಿಯಾಯಿತು.

ಓಡುತ್ತ ನಡೆಯುತ್ತ ಅವನು ಉಗರಗೋಳ ಮುಟ್ಟಿದ ಮೊದಲ ದಿನ ನನಗೆ ಕಣ್ಣಿಗೆ ಕಟ್ಟಿದಂತಿದೆ. ಊರ ಅಂಚಿನಲ್ಲೇ ಗುರವ್ವನ ಮನೆ. ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದವಳು ತಲೆಯೆತ್ತಿ, ಓಡಿ ಬರುತ್ತಿರುವ ಅಣ್ಣನ ಮಗನನ್ನು ನೋಡಿದಳು. ಕೈಯ ಮೊರ ಅಂಗಳಕ್ಕೆ ಬಿತ್ತು. ಜೋಳ ಚೆಲ್ಲಿತು.

“ಯಾರೋ ಯಪ್ಪಾ? ಯಾರ ಹೋದ್ರೋ?”

ಅವಳ ಕಾಲದಲ್ಲಿ ಸಾವಿನ ಸುದ್ದಿ ಕಾಲ ಮೇಲೆ ಬರುತ್ತಿತ್ತು. ಸುದ್ದಿ ತಂದವನು ಹೊಸ್ತಿಲು ದಾಟುತ್ತಿರಲಿಲ್ಲ, ಕೂಡುತ್ತಿರಲಿಲ್ಲ, ಆ ಮನೆಯ ನೀರು ಕುಡಿಯುತ್ತಿರಲಿಲ್ಲ. ಅಂಗಳದಲ್ಲಿ ನಿಂತು ಹೇಳಿ ಹಾಗೇ ಹೊರಳಿ ಹೋಗುತ್ತಿದ್ದ. ಅಣ್ಣ ಸತ್ತದ್ದು, ಅತ್ತಿಗೆ ಸತ್ತದ್ದು ಎಲ್ಲ ಅವಳು ತಿಳಿದದ್ದು ಹಾಗೆಯೇ.

“ಯಾರೂ ಹೋಗಿಲ್ಲ ಅತ್ತಿ. ಸುಮ್ಮ ಓಡಾಕ ಹತ್ತೇನಿ.”

“ಸುಮ್ಮ ಯಾರ ಓಡತಾರೋ ಹುಚ್ಚಪ್ಯಾಲಿ? ಒಳಗ ಬಾ. ಒಳಗ ಬಂದ ನೀರ ಕುಡಿ, ಅಂದ್ರ ನಂಬತೇನಿ.”

ಒಳಗೆ ಹೋದ. ಬರೀ ನೀರು ಕೊಡಬಾರದೆಂದು ಬೆಲ್ಲ ಕೊಟ್ಟಳು. ಬೆಲ್ಲದ ಹಿಂದೆ ಎಮ್ಮೆ ಹಾಲಿನ ಚಹಾ. ಚಹಾದ ಹಿಂದೆ ತುಪ್ಪ ಹಾಕಿ ಕಟ್ಟಿದ ಶೇಂಗಾ ಉಂಡಿ. ಅವನು ತಿಂದು ಮುಗಿಸುವ ತನಕ ಎದುರಿಗೆ ಕೂತಳು. ಅವಳ ಉಸಿರು ಆಗಲೇ ಹದಕ್ಕೆ ಬಂದದ್ದು.

“ಈ ವಯಸ್ಸಿನಾಗ ಯಾಕೋ ಓಡೂದು?”

“ಹರಕಿ ಅತ್ತಿ,” ಎಂದ ಗೌರೀಶ. ಆ ಮುದುಕಿಯ ಭಂಡಾರ ನೆನಪಾಗಿರಬೇಕು.

“ಗುರುನಾಥ ಹೆಂಗದಾನು? ಇತ್ತ ಕಡೆ ಹಾಯ್ದ ಇಲ್ಲ.”

“ಆರಾಮ ಅದಾನ. ಪೇಪರ ತಿದ್ದಾಕ ಹಾಕ್ಯಾರ, ರಜಾ ಸಿಕ್ಕಿಲ್ಲ.”

ಗುರುನಾಥನ ಬೇನೆಯನ್ನು ಅವಳಿಗೆ ಹೇಳಬಾರದೆಂದು ಮನೆಯವರೆಲ್ಲ ಕೂಡಿ ನಿರ್ಧರಿಸಿದ್ದರು. ಮುದುಕಿ ತಡೆದುಕೊಳ್ಳುವುದಿಲ್ಲ, ಅವನಿಗೆ ಛಲೋ ಆದ ಮೇಲೆ ಹೇಳಿದರಾಯಿತು ಎಂದು. ಅವಳು ಗುರುನಾಥನಿಗೂ ಒಂದು ಡಬ್ಬಿ ಉಂಡಿ ಕಟ್ಟಿಕೊಟ್ಟಳು.

ಮರುದಿನದಿಂದ ಅದೇ ನಡೆಯಿತು. ಗೌರೀಶ ಅಂಗಳದಿಂದಲೇ ತಿರುಗಲು ನೋಡಿದರೆ ಅವಳು ರಸ್ತೆಗೇ ಬಂದು ನಿಲ್ಲುತ್ತಿದ್ದಳು. “ಓಡಿ ಬಂದಾಂವ ಬಾಗಲದಾಗಿಂದ ಹೊಳ್ಳಿ ಹೋದ್ರ ಮನಿಗೆ ಛಲೋ ಅಲ್ಲ. ಒಳಗ ಬಾ.” ಹರಕೆ ಹೊತ್ತವನೆಂದ ಮೇಲೆ ತುಪ್ಪ ಇನ್ನಷ್ಟು ಬಿತ್ತು. ಮನೆಯಲ್ಲಿ ಶೈಲಜಾ ಎಣ್ಣೆಯ ಡಬ್ಬಿಯನ್ನೇ ಗೋಡೆಯ ಮಾಡದಿಂದ ತೆಗೆದಿಟ್ಟಿದ್ದಳು. ಒಣ ರೊಟ್ಟಿ, ಬೇಯಿಸಿದ ಕಾಳು, ಮಜ್ಜಿಗೆ. ಉಗರಗೋಳದ ಒಂದು ಉಂಡಿಯಿಂದ ಏನಾದೀತು, ಅಷ್ಟು ದೂರ ಓಡಿದವನಿಗೆ ಅದು ಹೊಟ್ಟೆಯಲ್ಲಿ ನಿಲ್ಲುತ್ತದೆಯೆ ಎಂದು ನಾವೆಲ್ಲ ನಂಬಿದ್ದೆವು. ದಿನವೂ ಹೆಚ್ಚು ಕಂಬ ಓಡುತ್ತಿದ್ದ. ಕಾಲು ಗಟ್ಟಿಯಾದವು. ಸಂಜೆ ಫೋನಿನಲ್ಲಿ ಕಂಬದ ಲೆಕ್ಕ ಕೇಳಿ ಗುರುನಾಥ, “ಪಾಸ ಆಗತೀ ಅಣ್ಣಾ,” ಎನ್ನುತ್ತಿದ್ದ.

ಎರಡು ತಿಂಗಳ ಮೇಲೆ ಬೆಂಗಳೂರಿಗೆ ನಾನೂ ಹೋದೆ. ಸ್ಕ್ಯಾನು ನೋಡಿದ ಡಾಕ್ಟರು, ಕೊಬ್ಬು ಇದ್ದಷ್ಟೇ ಇದೆ ಎಂದರು. ಓಡಿದ ಮೇಲೆ ಏನು ತಿನ್ನುತ್ತೀರಿ ಎಂದು ಕೇಳಿದರು. ಗೌರೀಶ ಮುಚ್ಚಿಡಲಿಲ್ಲ: ಬೆಲ್ಲ, ಚಹಾ, ಉಂಡಿ, ಒಂದೊಂದು ದಿನ ಎರಡು. ಡಾಕ್ಟರು ಪೆನ್ನು ಕೆಳಗಿಟ್ಟು ಕಿಟಕಿಯ ಕಡೆ ನೋಡಿದರು. ಬೈದಿದ್ದರೆ ಚೆನ್ನಾಗಿತ್ತು.

ಗುರುನಾಥ ಅಲ್ಲೇ ಗಾಲಿ ಕುರ್ಚಿಯಲ್ಲಿದ್ದ. ಕಣ್ಣು ಹಳದಿ, ಹೊಟ್ಟೆ ನೀರು ತುಂಬಿ ಬಿಗಿದಿತ್ತು, ಕೈಕಾಲು ಕಡ್ಡಿ. ಹೊರಗೆ ಬಂದ ಮೇಲೆ ಅವನೇ ಮೊದಲು ಮಾತಾಡಿದ.

“ಅತ್ತಿ ಉಂಡಿ ಅಲ್ಲೇನು? ಅದನ್ನ ನಾ ಲೆಕ್ಕಕ್ಕ ಹಿಡದಿದ್ದಿಲ್ಲ.” ನಗಲು ನೋಡಿ ಕೆಮ್ಮಿದ. ಆಮೇಲೆ ಅಣ್ಣನ ಮಣಿಕಟ್ಟು ಹಿಡಿದ. “ಅಣ್ಣಾ, ಆಕಿಗೆ ಈ ಉಂಡಿ ಮಾತ ಹೇಳಬ್ಯಾಡ. ನಾ ಉಳಿದ್ರೂ ಹೇಳಬ್ಯಾಡ, ಹೋದ್ರೂ ಹೇಳಬ್ಯಾಡ.”

ಗೌರೀಶ ತಲೆಯಾಡಿಸಿದ. ಕಿತ್ತೂರಿನಲ್ಲಿ ಬಸ್ಸಿನಿಂದ ಇಳಿದೆವು.

“ಸಕ್ಕರಿ ಬೇನಿ ಅದ ಅಂತ ಹೇಳಿಬಿಡೋ, ಉಂಡಿ ಕೊಡೂದಿಲ್ಲ,” ಎಂದೆ ನಾನು.

“ಎಂದ ಬಂತು, ಯಾವ ಡಾಕ್ಟ್ರು, ಇಷ್ಟ ದಿನಾ ಯಾಕ ತಿಂದಿ ಅಂತ ಕೇಳತಾಳ ವೆಂಕ್ಯಾ. ಆಕಿ ಮುಂದ ಒಂದ ಸುಳ್ಳ ಹೇಳೇನಿ, ಅದನ್ನ ಹೊರೂದ ಕಷ್ಟ ಆಗೇತಿ. ಆ ರಸ್ತೇನ ಬ್ಯಾಡ.”

ಮರುದಿನದಿಂದ ಉಗರಗೋಳ ಬಿಟ್ಟು, ನವಿಲುತೀರ್ಥದ ಅಣೆಕಟ್ಟಿನ ಕಡೆ ಓಡತೊಡಗಿದ. ಈಗ ಕಂಬ ಎಣಿಸುತ್ತಿರಲಿಲ್ಲ. ಸಂಜೆಯ ಊಟ ಬಿಟ್ಟ. ಗಲ್ಲ ಒಳಗೆ ಹೋದವು, ಶೈಲಜಾ ಅವನ ಅಂಗಿಗಳನ್ನೆಲ್ಲ ದರ್ಜಿಯ ಹತ್ತಿರ ಎರಡು ಸಲ ಹಿಡಿಸಿಕೊಂಡು ಬಂದಳು. “ಗೌರೀಶಪ್ಪಗೂ ಏನೋ ದೊಡ್ಡ ಬ್ಯಾನಿ ಐತಿ,” ಎಂದಿತು ಪೇಟೆ. ಮಳೆ ಹಿಡಿದ ದಿನಗಳಲ್ಲಿ ನಾನು ರೇನ್‌ಕೋಟು ಹಾಕಿಕೊಂಡು ಸ್ಕೂಟರಿನ ಮೇಲೆ ಹಿಂದೆ ಹೋಗುತ್ತಿದ್ದೆ. ಮುಂದೆ ಅವನ ಬೆನ್ನು ಒಂದೇ ಕಾಣುತ್ತಿತ್ತು.

ಉಗರಗೋಳದಿಂದ ಹಾಲಿನವನ ಕೈಯಲ್ಲಿ ಮಾತು ಬಂತು. ‘ನನ್ನ ಉಂಡಿ ಕಹಿ ಆದೂವೇನು ಅಂತ ಕೇಳು.’ ಗೌರೀಶ ಅವತ್ತು ಒಂದು ಕೊಡದ ಮೇಲೆ ಮದುಮಗಳ ಹೆಸರು ತಪ್ಪು ಕೊರೆದ. ಅವನ ಕೈ ತಪ್ಪಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮೂರನೆಯ ಸ್ಕ್ಯಾನಿಗೆ ಕೊಬ್ಬು ಇಳಿದಿತ್ತು. ಡಾಕ್ಟರು ಎದ್ದು ಬಂದು ಅವನ ಕೈ ಕುಲುಕಿದರಂತೆ. ಶಸ್ತ್ರಚಿಕಿತ್ಸೆಗೆ ಶ್ರಾವಣದ ಕಡೆಯ ವಾರದಲ್ಲಿ ದಿನ ಕೊಟ್ಟರು. ಊರಿಗೆ ಬಂದವನು ನೆಟ್ಟಗೆ ನಮ್ಮ ಮನೆಗೆ ಬಂದು, ತಾನೇ ಕೇಳಿ ಒಂದು ಲೋಟ ಮಜ್ಜಿಗೆ ಕುಡಿದ. “ತಿಕ್ಕಿ ಇಟ್ಟೇನಲೇ,” ಎಂದ. ಅಷ್ಟೇ.

ಆ ದಿನಕ್ಕೆ ಇನ್ನೂ ಒಂದು ವಾರವಿರುವಾಗ ಬೈಲಹೊಂಗಲದಲ್ಲಿ ಗುರುನಾಥನಿಗೆ ಜ್ವರ ಬಂತು. ಹೊಟ್ಟೆಯ ನೀರಿಗೆ ಸೋಂಕು ಹತ್ತಿತ್ತು. ಬೆಳಗಾವಿಗೆ ಒಯ್ದರು. ಗೌರೀಶ ಹೋಗಿ ನೋಡಿ, ಬೆಂಗಳೂರಿಗೆ ಸಾಗಿಸಲು ಗಾಡಿಯ ವ್ಯವಸ್ಥೆ ಮಾಡಿಕೊಳ್ಳಲೆಂದು ಸವದತ್ತಿಗೆ ಬಂದಿದ್ದ. ಬೆಳಗು ಹರಿಯುವ ಹೊತ್ತಿಗೆ ಫೋನು ಬಂತು. ಉಸಿರು ನಿಂತಿತ್ತು.

ಮೊದಲ ಎರಡು ತಿಂಗಳು ಕೆಡದೆ ಹೋಗಿದ್ದರೆ ಎಂಬ ಲೆಕ್ಕವನ್ನು ಯಾರು ಬೇಕಾದರೂ ಹಾಕಬಹುದಿತ್ತು. ಬಾಯಿ ಬಿಟ್ಟು ಯಾರೂ ಹಾಕಲಿಲ್ಲ.

ನಾನು ಹೋದಾಗ ಗೌರೀಶ ಬಾಗಿಲ ಮೆಟ್ಟಿಲಲ್ಲಿ ಕೂತು ಬೂಟಿನ ದಾರ ಕಟ್ಟುತ್ತಿದ್ದ. “ಅತ್ತಿಗೆ ಹೇಳಬೇಕು,” ಎಂದ.

“ಸ್ಕೂಟರ್ ತಂದೀನಿ, ಹತ್ತು.”

ಅವನು ನನ್ನ ಮಾತು ಕೇಳಿಸಿಕೊಂಡನೋ ಇಲ್ಲವೋ. ಎದ್ದು ಓಡಿದ. ಉಗರಗೋಳದ ರಸ್ತೆಯಲ್ಲಿ ಅವನು ಒಂದು ಕಂಬವನ್ನೂ ನಡೆಯದೆ ಓಡಿದ್ದು ಅವತ್ತೇ ಮೊದಲು. ಏರಿನಲ್ಲೂ ನಿಲ್ಲಲಿಲ್ಲ. ಹನುಮಪ್ಪ ಎದುರಿನಿಂದ ಬಂದು ಬೈಕು ನಿಲ್ಲಿಸಿದ. ಅವನ ಮುಖ ನೋಡಿ ಏನೂ ಕೇಳದೆ ಕಾಲು ಕೆಳಗಿಟ್ಟು ನಿಂತುಬಿಟ್ಟ.

ಗುರವ್ವ ಕಟ್ಟೆಯ ಮೇಲಿದ್ದಳು. ದೂರದಿಂದಲೇ ಗುರುತು ಹಿಡಿದು ಎದ್ದಳು. ಈ ಸಲ ಹೆದರಲಿಲ್ಲ. ಅವನ ಓಟ ಅವಳಿಗೆ ರೂಢಿಯಾಗಿತ್ತು.

“ಬಂದೇನೋ! ಸಿಟ್ಟ ಇಳೀತೇನೋ ದೊರಿಗೆ? ಎಷ್ಟ ಸೊರಗೀಯೋ ಯಪ್ಪಾ, ನಿನ್ನ ಹೆಂಡ್ತಿ ಉಪವಾಸ ಕೆಡವ್ಯಾಳೇನು? ಬಾ, ಚಾ ಈಗ ಇಳಸೇನಿ.” ಎನ್ನುತ್ತ ಒಳಗೆ ಹೋದಳು. ಡಬ್ಬಿಯ ಮುಚ್ಚಳ ತೆಗೆದ ಸದ್ದು ಕೇಳಿಸಿತು.

ಗೌರೀಶ ಅಂಗಳದಲ್ಲಿ ನಿಂತಿದ್ದ. ಮೈಯಿಂದ ಬೆವರು ಇಳಿದು ಕಾಲ ಬುಡದ ಮಣ್ಣು ತೊಯ್ಯುತ್ತಿತ್ತು.

“ಒಳಗ ಬಾರೋ!”

ಅವನು ಕದಲಲಿಲ್ಲ.

ಅವಳು ತಾಟಿನಲ್ಲಿ ಉಂಡಿ, ಇನ್ನೊಂದು ಕೈಯಲ್ಲಿ ನೀರಿನ ತಂಬಿಗೆ ಹಿಡಿದು ಹೊಸ್ತಿಲಿಗೆ ಬಂದಳು. “ಯಾಕ ನಿಂತೀ? ನೀರರ ಕುಡಿ.” ತಂಬಿಗೆ ಚಾಚಿದಳು. ಅವನು ಕೈ ಮುಂದೆ ಮಾಡಲಿಲ್ಲ. ಅವಳು ಅವನ ಕೈಯನ್ನು ನೋಡಿದಳು, ಹೊಸ್ತಿಲ ಆಚೆಗಿದ್ದ ಅವನ ಬೂಟು ನೋಡಿದಳು, ಮತ್ತೆ ಮುಖ ನೋಡಿದಳು. ತಂಬಿಗೆಯನ್ನು ಸಾವಕಾಶವಾಗಿ ಕೆಳಗಿಟ್ಟಳು.

“ಯಾರು?” ಎಂದಳು. “ಗುರುನಾಥೇನು?” ಎಂದು ಅವಳೇ ಕೇಳಿದಳು.

ಗೌರೀಶ ಹೊರಳಿ ರಸ್ತೆಗೆ ಬಂದ. ಹಿಂದಿನಿಂದ ಅವಳ ದನಿ ಎದ್ದಿತು. ಅದನ್ನು ಬರೆಯಲು ನನಗೆ ಬರುವುದಿಲ್ಲ.

ಆಮೇಲೆ ಅವನು ಓಡಲಿಲ್ಲ. ಬೂಟುಗಳು ಅಂಗಡಿಯ ಹಿಂದಿನ ಗೂಟಕ್ಕೆ ದಾರ ಕಟ್ಟಿ ತೂಗುತ್ತಿದ್ದವು. ಶೈಲಜಾ ಎಸೆಯಲು ಹೋದರೆ ಬೇಡ ಎಂದ, ಹಾಕಿಕೊಳ್ಳಲೂ ಇಲ್ಲ. ಗಾದಿಯ ಮೇಲೆ ಮತ್ತೆ ಮೊದಲಿನಂತೆ ಕೂತ, ಬಂದದ್ದನ್ನು ತಿಂದ, ಮೈ ತಿರುಗಿ ಬಂತು. ಒಂದು ಸಂಜೆ ನನಗೆ ತಡೆಯಲಾಗದೆ, “ನಿನ್ನ ಸಲುವಾಗರ ಓಡೋ. ಇಷ್ಟು ಕಷ್ಟಪಟ್ಟು ಲಿವರ್ ಚೊಕ್ಕ ಮಾಡಿಕೊಂಡೀದಿ,” ಎಂದೆ.

“ಇನ್ನ ಇದನ್ನ ತಗೊಂಡ ಏನ ಮಾಡ್ಲಿ ವೆಂಕ್ಯಾ?” ಎಂದ. ಕೇಳಿದ ರೀತಿಗೆ, ನನ್ನಲ್ಲಿ ಉತ್ತರ ಇರಬಹುದೆಂದು ಅವನು ನಿಜವಾಗಿ ನಂಬಿದಂತಿತ್ತು.

ವರ್ಷದ ದಿನಕ್ಕೆ ಮಠಕ್ಕೆ ಕೊಡುವ ತಾಟುಗಳ ಮೇಲೆ ‘ಲಿಂ. ಗುರುನಾಥ’ ಎಂದು ತಾನೇ ಕೊರೆದ. ಒಂದೊಂದು ತಾಟನ್ನೂ ಬೆಳಕಿಗೆ ಹಿಡಿದು ನೋಡಿ, ಒರೆಸಿ, ಕೆಳಗಿಡುತ್ತಿದ್ದ. ಅಕ್ಷರ ಮೊದಲಿನಂತೆಯೇ ಮುತ್ತು. ಗೌರೀಶನ ಹೆಸರಿನ ತಾಟುಗಳನ್ನು ಈ ಸಲ ಅಂಗಡಿಯ ಆಳು ಕೊರೆದಿದ್ದಾನೆ. ಸಾಲು ಸೊಟ್ಟಗಿದೆ.

ಕಳೆದ ಆಷಾಢದಲ್ಲಿ, ಬೆಳಿಗ್ಗೆ ಅಂಗಡಿ ತೆಗೆದು ಗಾದಿ ಝಾಡಿಸಿ ಕೂತವನು, ಎದೆ ಹಿಡಿದಂತಾಗುತ್ತದೆ ಎಂದನಂತೆ. ಆಸ್ಪತ್ರೆಯ ತನಕವೂ ಹೋಗಲಿಲ್ಲ. ಶೈಲಜಾ ನನ್ನನ್ನು ನೋಡಿ ಹೇಳಿದ ಮೊದಲ ಮಾತು, “ಅಣ್ಣಾರ, ಉಗರಗೋಳಕ್ಕ ಯಾರರ ಹೋಗಬೇಕಲ್ರಿ.”

ನಾನೇ ಹೋದೆ. ಗುರವ್ವ ಕಟ್ಟೆಯ ಮೇಲಿದ್ದಳು. ಕಣ್ಣು ಮಂಜಾಗಿದ್ದವು, ಸ್ಕೂಟರಿನ ಸದ್ದಿನಿಂದ ಗುರುತು ಹಿಡಿದಳು. ನನ್ನ ಬೆನ್ನ ಹಿಂದೆ, ರಸ್ತೆಯುದ್ದಕ್ಕೂ, ಹಣೆಗೆ ಕೈ ಹಚ್ಚಿ ನೋಡಿದಳು.

“ವೆಂಕಣ್ಣ ಮಾಸ್ತರ ಅಲ್ಲೇನ? ಅಂವ ಎಲ್ಲಿ, ಹಿಂದ ಓಡಿ ಬರಾಕ ಹತ್ಯಾನೇನು? ಬರ್ರಿ, ಒಳಗ ಬರ್ರಿ.”

ನಾನು ಅಂಗಳದಲ್ಲೇ ನಿಂತೆ. ಅವಳು ಇನ್ನೊಮ್ಮೆ ಕರೆದಳು. ಆಮೇಲೆ ಕರೆಯಲಿಲ್ಲ. ಕಂಬಕ್ಕೆ ಒರಗಿ ಕೂತಳು. ಅಳಲಿಲ್ಲ. ಅಳು ಮುಗಿದಿತ್ತೇನೋ. ಕೇಳಿದಳು:

“ಮಾಸ್ತರ, ಹರಕಿ ಅಂತ ಓಡತಿದ್ನಲ್ಲ. ಏನ ಬೇಡಕೊಂಡಿದ್ದ?”

“ತಮ್ಮಗ ಛಲೋ ಆಗಲಿ ಅಂತ,” ಎಂದೆ. ಅಷ್ಟನ್ನು ಮುಚ್ಚಿಡಲು ನನಗಾಗಲಿಲ್ಲ.

“ತಾಯಿ ಕೇಳಲಿಲ್ಲ.”

“ಕೇಳಲಿಲ್ರಿ.”

ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡಳು. “ನಾ ಒಂದಿನಾನೂ ಅವನ್ನ ಬರೇ ಹೊಟ್ಟೀಲೆ ಕಳಸಲಿಲ್ಲ ನೋಡ್ರಿ. ಕೈಲಾಗೂ ತನಕ ಉಂಡಿ ಕಟ್ಟಿದೆ. ಆಮ್ಯಾಲ ಅಂವ ಬರೂದ ಬಿಟ್ಟ. ಆದ್ರೂ, ಬಂದಷ್ಟ ದಿನಾ ಉಂಡ ಹೋದ. ಅದೊಂದ ನನಗ ಸಮಾಧಾನ.”

“ಹೌದ್ರಿ ಗುರವ್ವತ್ತಿ,” ಎಂದೆ. “ಹೊಟ್ಟಿ ತುಂಬ ಉಂಡು ಹೋದ.”

ನೀರು ಕುಡಿಯದೆ, ನಿಂತ ಕಾಲಲ್ಲೇ ಹೊರಳಿ ಬಂದೆ.